ವಿಮಾನದ ವೇಳೆ ಬೇರೆ, ಪ್ರಯಾಣದ ವೇಳೆ ಬೇರೆ

ವಿಮಾನದ ಟಿಕೆಟ್ಟಿನ ಮೇಲೆ ಹೊರಡುವ ವೇಳೆ ಮತ್ತು ತಲುಪುವ ವೇಳೆ ಎಂದು ಎರಡು ಅಂಕಿಗಳು ಮುದ್ರಿತವಾಗಿರುತ್ತವೆ. ಇವೆರಡರ ನಡುವಣ ಅಂತರವೇ ಪ್ರಯಾಣದ ಅವಧಿಯೆಂದು ಭಾವಿಸುವ ವರ್ತಕರ ಸಂಖ್ಯೆ ಕಡಿಮೆಯಿಲ್ಲ. ಶಿವಮೊಗ್ಗ ಸಮೀಪದ ಸೋಗಾನೆಯಲ್ಲಿ ನಿರ್ಮಿಸಲಾದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು 2023ರ ಫೆಬ್ರುವರಿ 27ರಂದು ಉದ್ಘಾಟನೆಗೊಂಡು, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಾಣಿಜ್ಯ ವಿಮಾನ ಅಲ್ಲಿ ಇಳಿದ ನಂತರ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ವ್ಯಾಪಾರಸ್ಥರಿಗೆ ಈ ತಪ್ಪು ಲೆಕ್ಕ ದುಬಾರಿಯಾಗತೊಡಗಿದೆ. ಜಗಳೂರಿನವರ ಸ್ಥಿತಿ ಇನ್ನೂ ಬೇರೆ. ಒಂದೇ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಗೆ ಒಂದೇ ಉತ್ತರವಿಲ್ಲವೆಂಬುದನ್ನು ವಿವರವಾಗಿ ಪರಿಶೀಲಿಸುವುದು ಅಗತ್ಯ.

ಮೊದಲಿಗೆ, ಎರಡು ವಿಮಾನ ನಿಲ್ದಾಣಗಳ ನಡುವಣ ದೂರವೆಂದರೇನು ಎಂಬ ಪ್ರಶ್ನೆ. ರಸ್ತೆಯ ದೂರವನ್ನು ಕಿಲೋಮೀಟರ್ ಕಲ್ಲು ಹೇಳುತ್ತದೆ. ಆಕಾಶಮಾರ್ಗದ ದೂರವನ್ನು ಗೋಡೆಯ ನಕ್ಷೆಯ ಮೇಲೆ ಅಡಿಕೋಲಿಟ್ಟು ಅಳೆಯಲಾಗದು, ಏಕೆಂದರೆ ಭೂಮಿ ಗೋಳಾಕಾರವಾಗಿದೆ, ನಕ್ಷೆ ಚಪ್ಪಟೆಯಾಗಿದೆ. ಶಾಲೆಯ ಭೂಗೋಳದ ಮೇಲೆ ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ದಾರವನ್ನು ಬಿಗಿಯಾಗಿ ಎಳೆದರೆ, ಆ ದಾರ ಪೂರ್ವಕ್ಕೂ ಹೋಗದೆ ಪಶ್ಚಿಮಕ್ಕೂ ಹೋಗದೆ ಉತ್ತರ ಧ್ರುವದ ಕಡೆಗೆ ಸಾಗುತ್ತದೆ. ಗೋಳದ ಮೇಲಿನ ಅತ್ಯಂತ ಹತ್ತಿರದ ಈ ಹಾದಿಯನ್ನು ಮಹಾವೃತ್ತದ ಮಾರ್ಗವೆನ್ನುತ್ತಾರೆ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡದೊಡನೆ ಧ್ರುವಪ್ರದೇಶದ ಮೇಲೆಯೇ ಹಾರಿ, ಜನವರಿ 11ರ ಬೆಳಗಿನ ಜಾವ ಬೆಂಗಳೂರು ತಲುಪಿತು. ಕ್ರಮಿಸಿದ ದೂರ ಸುಮಾರು 14,000 ಕಿ.ಮೀ., ತೆಗೆದುಕೊಂಡ ಕಾಲ ಸುಮಾರು 17 ಗಂಟೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಎಂಬುದನ್ನು ನೆನೆದರೆ, ಭೂಮಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ದೂರವನ್ನು ಎಲ್ಲಿಯೂ ಇಳಿಯದೆ ಕ್ರಮಿಸಿದಂತಾಯಿತು.

ಇಂತಹ ದೂರದ ಮಾರ್ಗಗಳಲ್ಲಿ ಟಿಕೆಟ್ಟಿನ ವೇಳೆಗಳು ಓದುಗನನ್ನು ಸುಲಭವಾಗಿ ದಾರಿ ತಪ್ಪಿಸುತ್ತವೆ. ಎರಡೂ ವೇಳೆಗಳು ಆಯಾ ಊರಿನ ಗಡಿಯಾರದವು. ಬೆಂಗಳೂರಿನಿಂದ ಮಧ್ಯಾಹ್ನ 2 ಗಂಟೆಗೆ ಹೊರಟ ವಿಮಾನ 16 ಗಂಟೆ ಕಾಲ ಹಾರಿದರೂ, ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹದಿಮೂರೂವರೆ ಗಂಟೆ ಹಿಂದಿರುವ ಕಾರಣ, ಅಲ್ಲಿ ಇಳಿಯುವಾಗ ಅದೇ ದಿನದ ಸಂಜೆ ನಾಲ್ಕೂವರೆ. ಟಿಕೆಟ್ಟನ್ನು ಮಾತ್ರ ನೋಡಿದವನಿಗೆ ಅದು ಎರಡೂವರೆ ಗಂಟೆಯ ಪ್ರಯಾಣ! ಇಳಿದ ಸಂಜೆಯೇ ಖರೀದಿದಾರರೊಡನೆ ಮಾತುಕತೆಗೆ ವೇಳೆ ಗೊತ್ತುಮಾಡಿಕೊಂಡು, ಅಲ್ಲಿ ಕಣ್ಣು ತೆರೆಯಲಾಗದೆ ಕುಳಿತ ಉದ್ಯಮಿಗಳ ಕಥೆಗಳು ಎಲ್ಲ ಊರುಗಳಲ್ಲಿಯೂ ಇವೆ.

ದೂರ ಹೆಚ್ಚಿದಂತೆ ಕಾಲವೂ ಹೆಚ್ಚಲೇಬೇಕೆಂಬುದೂ ಸರಿಯಲ್ಲ. 2015ರ ಡಿಸೆಂಬರ್‌ನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ನೇರ ಸೇವೆ ಆರಂಭವಾದಾಗ ವಿಮಾನಗಳು ಅಟ್ಲಾಂಟಿಕ್ ಕಡೆಯಿಂದ ಸಾಗುತ್ತಿದ್ದವು. 2016ರ ಅಕ್ಟೋಬರ್‌ನಲ್ಲಿ ಅದೇ ವಿಮಾನವನ್ನು ಪೆಸಿಫಿಕ್ ಸಾಗರದ ಮೇಲೆ ಕಳುಹಿಸಲಾಯಿತು. ದೂರ ಸಾವಿರ ಕಿಲೋಮೀಟರಿಗೂ ಮಿಕ್ಕಿ ಹೆಚ್ಚಿ ಸುಮಾರು 15,300 ಕಿ.ಮೀ. ಆಯಿತು. ಕಾಲವಾದರೋ ಕಡಿಮೆಯಾಗಿ ಸುಮಾರು ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಪ್ರಬಲ ಗಾಳಿಯ ಪ್ರವಾಹವೇ ಇದಕ್ಕೆ ಕಾರಣ. ಅದು ಬೆನ್ನಿಗಿದ್ದರೆ ವಿಮಾನಕ್ಕೆ ಗಂಟೆಗೆ ನೂರಾರು ಕಿಲೋಮೀಟರಿನಷ್ಟು ನೆರವು ದೊರೆಯುತ್ತದೆ, ಎದುರಿಗಿದ್ದರೆ ಅಷ್ಟೇ ನಷ್ಟ. ತುಂಗಭದ್ರೆಯ ಹೊಳೆಯಲ್ಲಿ ಹರಿಗೋಲು ಹುಟ್ಟು ಹಾಕಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಗಾಳಿಯಷ್ಟೇ ಅಲ್ಲ, ರಾಜಕಾರಣವೂ ದೂರವನ್ನು ಹೆಚ್ಚಿಸುತ್ತದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ, ಉತ್ತರ ಭಾರತದಿಂದ ಯೂರೋಪ್ ಮತ್ತು ಅಮೆರಿಕದ ಕಡೆಗೆ ಹೋಗುವ ನಮ್ಮ ವಿಮಾನಗಳು ಸುತ್ತುಹಾದಿ ಹಿಡಿಯಬೇಕಾಯಿತು. ಭೂಮಿಯ ಮೇಲಿನ ದೂರ ಒಂದಂಗುಲವೂ ಬದಲಾಗಲಿಲ್ಲ, ಹಾರಾಟದ ಕಾಲ ಮತ್ತು ಇಂಧನದ ವೆಚ್ಚ ಮಾತ್ರ ಬದಲಾದವು. ಕೊನೆಗೆ ಆ ವೆಚ್ಚ ಟಿಕೆಟ್ಟಿನ ದರದಲ್ಲಿಯೋ ಸರಕಿನ ದರದಲ್ಲಿಯೋ ಸೇರಿಕೊಳ್ಳುವುದು ಸ್ವಾಭಾವಿಕ.

ಜಾಗತಿಕ ಮಾರ್ಗಗಳ ಈ ಪಾಠವನ್ನು ಸೋಗಾನೆಗೆ ಅನ್ವಯಿಸಿದರೆ ಇನ್ನೂ ಆಸಕ್ತಿಕರವಾದ ಅಂಶವೊಂದು ಹೊರಬೀಳುತ್ತದೆ. ಸೋಗಾನೆಯಿಂದ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ನೇರ ರೇಖೆಯಲ್ಲಿ ಸುಮಾರು 240 ಕಿ.ಮೀ. ಈ ಮಾರ್ಗದಲ್ಲಿ ಹಾರುವ ಎ.ಟಿ.ಆರ್. ಮಾದರಿಯ ಸಣ್ಣ ವಿಮಾನಗಳ ವೇಗ ಗಂಟೆಗೆ ಸುಮಾರು 500 ಕಿ.ಮೀ. ಶುದ್ಧ ಗಣಿತದಂತೆ ಅರ್ಧ ಗಂಟೆ ಸಾಕು. ಆದರೆ ಮೊದಲ ವಿಮಾನದ ವೇಳಾಪಟ್ಟಿಯಲ್ಲಿಯೇ ಒಂದೂಕಾಲು ಗಂಟೆಯನ್ನು ನಿಗದಿಪಡಿಸಲಾಗಿತ್ತು. ವಿಮಾನ ತನ್ನ ನಿಲುಗಡೆಯಿಂದ ಕದಲಿದ ಕ್ಷಣದಿಂದ ಮತ್ತೊಂದು ನಿಲುಗಡೆಯಲ್ಲಿ ನಿಲ್ಲುವವರೆಗಿನ ಎಲ್ಲ ಕಾಲವನ್ನೂ ಸಂಸ್ಥೆಗಳು ಲೆಕ್ಕಕ್ಕೆ ಹಿಡಿಯುತ್ತವೆ. ರನ್‌ವೇವರೆಗೆ ಸಾಗುವುದು, ಮೇಲೇರುವುದು, ಬೆಂಗಳೂರಿನ ಮೇಲೆ ಸರದಿಗಾಗಿ ಕಾಯುವುದು, ಇವೆಲ್ಲ ಅದರಲ್ಲಿ ಸೇರುತ್ತವೆ. ಮಾರ್ಗ ಚಿಕ್ಕದಾದಷ್ಟೂ ಈ ಸ್ಥಿರ ಕಾಲದ ಪಾಲು ದೊಡ್ಡದು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಸ್ಥಿರ ವೆಚ್ಚ. ಉತ್ಪಾದನೆ ಕಡಿಮೆಯಿರುವ ಕಾರ್ಖಾನೆಯಲ್ಲಿ ಅದು ಪ್ರತಿ ನಗದ ಮೇಲೆ ಹೇಗೆ ಭಾರವಾಗುವುದೋ ಇಲ್ಲಿಯೂ ಹಾಗೆಯೇ.

ಹೊನ್ನಾಳಿಯ ಒಬ್ಬ ಅಕ್ಕಿ ಗಿರಣಿ ಮಾಲೀಕರು ಯಂತ್ರದ ಬಿಡಿಭಾಗಕ್ಕಾಗಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊರಟಿದ್ದಾರೆಂದು ಭಾವಿಸಬಹುದು. ಹೊನ್ನಾಳಿಯಿಂದ ಶಿವಮೊಗ್ಗ ದಾಟಿ ಸೋಗಾನೆ ಸೇರಲು ಕಾರಿನಲ್ಲಿ ಒಂದೂಕಾಲು ಗಂಟೆ. ವಿಮಾನ ಹೊರಡುವುದಕ್ಕೆ ಒಂದು ಗಂಟೆಗೂ ಮೊದಲೇ ಅಲ್ಲಿರಬೇಕು. ವಿಮಾನದಲ್ಲಿ ಒಂದೂಕಾಲು ಗಂಟೆ, ಇಳಿದು ಹೊರಬರಲು ಅರ್ಧ ಗಂಟೆ, ದೇವನಹಳ್ಳಿಯಿಂದ ಪೀಣ್ಯಕ್ಕೆ ಸಂಚಾರದ ಒತ್ತಡವನ್ನನುಸರಿಸಿ ಒಂದರಿಂದ ಒಂದೂವರೆ ಗಂಟೆ. ಒಟ್ಟು ಐದರಿಂದ ಐದೂವರೆ ಗಂಟೆ. ಅದೇ ಮಾಲೀಕರು ಮನೆಯ ಮುಂದೆ ಕಾರು ಹತ್ತಿ ರಾಷ್ಟ್ರೀಯ ಹೆದ್ದಾರಿ 48 ಹಿಡಿದಿದ್ದರೆ ಸುಮಾರು 300 ಕಿ.ಮೀ. ದಾರಿಗೆ ಐದೂವರೆ ಗಂಟೆ. ವಿನೋದವೆಂದರೆ, ತುಮಕೂರು ಕಡೆಯಿಂದ ಬರುವವರಿಗೆ ಪೀಣ್ಯ ನಗರದ ಹೆಬ್ಬಾಗಿಲಲ್ಲೇ ಸಿಗುತ್ತದೆ. ವಿಮಾನದಲ್ಲಿ ಬಂದವರು ಅದನ್ನು ದಾಟಿ ನಗರದ ಆಚೆ ಬದಿಯಲ್ಲಿ ಇಳಿದು, ಬಾಡಿಗೆ ಕಾರು ಹಿಡಿದು ಬಂದ ದಿಕ್ಕಿಗೇ ಹಿಂದಿರುಗಬೇಕು. ದಾವಣಗೆರೆಯಿಂದ ರೈಲು ಹಿಡಿಯುವವರಿಗೆ 2023ರ ಜೂನ್ 27ರಂದು ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಸೇವೆಯೂ ಸುಮಾರು ನಾಲ್ಕು ಗಂಟೆಯೊಳಗೆ ಬೆಂಗಳೂರು ಮುಟ್ಟಿಸುವ ಮತ್ತೊಂದು ದಾರಿ ತೆರೆಯಿತು. ಆದ್ದರಿಂದ ಬೆಂಗಳೂರೇ ಕೊನೆಯ ನಿಲುಗಡೆಯಾಗಿರುವ ಕೆಲಸಕ್ಕೆ ವಿಮಾನ ಉಳಿಸುವುದು ಹೆಚ್ಚೇನೂ ಇಲ್ಲವೆಂಬುದು ನಿಸ್ಸಂಶಯ.

ಬೆಂಗಳೂರು ಕೇವಲ ವಿಮಾನ ಬದಲಿಸುವ ಸ್ಥಳವಾಗಿದ್ದರೆ ಮಾತ್ರ ಲೆಕ್ಕ ತಿರುಗುತ್ತದೆ. ದೆಹಲಿಯ ಖರೀದಿದಾರರನ್ನು ಕಾಣಬೇಕಾದ ನ್ಯಾಮತಿಯ ಅಡಿಕೆ ವರ್ತಕರಿಗೆ ಸೋಗಾನೆ ಒಂದು ಗಂಟೆಯ ಹಾದಿ. ಅಲ್ಲಿ ಒಂದೂಕಾಲು ಗಂಟೆ ಮೊದಲು ಹಾಜರಿ, ಹಾರಾಟ ಒಂದೂಕಾಲು ಗಂಟೆ, ಬೆಂಗಳೂರಿನಲ್ಲಿ ಎರಡು ಗಂಟೆಯ ಕಾಯುವಿಕೆ, ದೆಹಲಿಗೆ ಎರಡೂಮುಕ್ಕಾಲು ಗಂಟೆ, ಅಲ್ಲಿ ಹೊರಬಂದು ಮಾರುಕಟ್ಟೆ ಸೇರಲು ಒಂದೂವರೆ ಗಂಟೆ. ಒಟ್ಟು ಹತ್ತು ಗಂಟೆಗೆ ಸ್ವಲ್ಪ ಕಡಿಮೆ. ರಸ್ತೆಯ ಮೂಲಕ ದೇವನಹಳ್ಳಿಗೆ ಹೋಗಿ ವಿಮಾನ ಹಿಡಿದರೆ ಹನ್ನೆರಡು ಗಂಟೆ ಸಮೀಪಿಸುತ್ತದೆ, ಅದರಲ್ಲಿ ಆರು ಗಂಟೆ ಸ್ಟಿಯರಿಂಗ್ ಹಿಂದೆ. ಇಲ್ಲಿ ಸೋಗಾನೆಗೆ ನಿಜವಾದ ಬೆಲೆಯಿದೆ. ಆದರೆ ಬೆಂಗಳೂರಿನ ಕಾಯುವಿಕೆ ಎರಡು ಗಂಟೆಯಿಂದ ಐದು ಗಂಟೆಗೆ ಬೆಳೆದರೆ ಆ ಬೆಲೆ ಕರಗಿಹೋಗುತ್ತದೆ. ಹಾರಾಟದ ವೇಗಕ್ಕಿಂತ ಸಂಪರ್ಕ ವಿಮಾನದ ವೇಳೆಯೇ ಇಲ್ಲಿ ನಿರ್ಣಾಯಕ.

ಚನ್ನಗಿರಿಯವರದು ಎರಡರ ನಡುವಣ ಸ್ಥಿತಿ. ಭದ್ರಾವತಿಯ ಕಡೆಯಿಂದ ಸೋಗಾನೆಗೆ ಒಂದೂಕಾಲು ಗಂಟೆ. ಹೊಳಲ್ಕೆರೆ, ಚಿತ್ರದುರ್ಗದ ಮೂಲಕ ಹೆದ್ದಾರಿ ಸೇರಿದರೆ ದೇವನಹಳ್ಳಿಗೆ ಐದು ಗಂಟೆ. ಆಯಾ ದಿನದ ವೇಳಾಪಟ್ಟಿ ನೋಡಿಯೇ ತೀರ್ಮಾನಿಸಬೇಕು. ಜಗಳೂರಿನವರಿಗಂತೂ ಸೋಗಾನೆ ಹೆಸರಿಗೆ ಮಾತ್ರ ನೆರೆಯ ವಿಮಾನ ನಿಲ್ದಾಣ. ದಾವಣಗೆರೆ, ಹೊನ್ನಾಳಿ ದಾಟಿ ಅಲ್ಲಿಗೆ ಹೋಗುವುದಕ್ಕೆ ಮೂರು ಗಂಟೆಗೂ ಹೆಚ್ಚು ಬೇಕು. ಚಿತ್ರದುರ್ಗದ ಬಳಿ ಹೆದ್ದಾರಿ ಹಿಡಿದು, ಬೆಂಗಳೂರು ನಗರವನ್ನು ಹೊಗದೆ ದಾಬಸ್‌ಪೇಟೆ–ದೊಡ್ಡಬಳ್ಳಾಪುರ ರಸ್ತೆಯಿಂದ ದೇವನಹಳ್ಳಿ ಸೇರಿದರೆ ನಾಲ್ಕೂವರೆ ಗಂಟೆಯ ಆಸುಪಾಸು. ಒಂದು ವಿಮಾನ, ಒಂದು ಕಾಯುವಿಕೆ, ಒಂದು ಭದ್ರತಾ ತಪಾಸಣೆ ಉಳಿಯುವುದರಿಂದ ಜಗಳೂರಿಗೆ ದೇವನಹಳ್ಳಿಯೇ ಹತ್ತಿರವೆನ್ನಬೇಕು. ಹೈದರಾಬಾದಿನಂತಹ ಊರುಗಳಿಗೆ ತೋರಣಗಲ್ಲಿನ ವಿದ್ಯಾನಗರದಿಂದ ವಿಮಾನ ದೊರೆಯುವ ದಿನಗಳಲ್ಲಿ ಅದನ್ನೂ ವಿಚಾರಿಸಿ ನೋಡಬಹುದು.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ, ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ನ್ಯಾಮತಿ ಆನಂತರ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಆಡಳಿತದ ಗೆರೆಗಳು ಬದಲಾದರೂ ದಾರಿಗಳು ಹಳೆಯ ಜಿಲ್ಲೆಗಳ ಕಡೆಗೇ ತಿರುಗಿವೆ ಎಂಬುದು ಈ ಲೆಕ್ಕದಿಂದ ಮತ್ತೊಮ್ಮೆ ವ್ಯಕ್ತವಾಗುತ್ತದೆ.

ಹೀಗೆ ಉಳಿಯುವ ಕಾಲಕ್ಕೆ ಬೆಲೆ ಕಟ್ಟುವುದು ಹೇಗೆ? ಬಹುತೇಕ ಅಂಗಡಿಗಳ ಲೆಕ್ಕದ ಪುಸ್ತಕದಲ್ಲಿ ಪ್ರಯಾಣ ವೆಚ್ಚವೆಂಬ ಖಾತೆ ಇರುತ್ತದೆ, ಪ್ರಯಾಣದಲ್ಲಿ ಕಳೆದ ದಿನವೆಂಬ ಖಾತೆ ಇರುವುದಿಲ್ಲ. ಮಾಲೀಕರೊಬ್ಬರ ದಿನದ ದುಡಿಮೆಯ ಮೌಲ್ಯ 6,000 ರೂಪಾಯಿ, ದುಡಿಯುವ ವೇಳೆ 12 ಗಂಟೆ ಎಂದಿಟ್ಟುಕೊಂಡರೆ ಗಂಟೆಗೆ 500 ರೂಪಾಯಿ ಆಯಿತು. ಎರಡು ಗಂಟೆ ಉಳಿಸಲು 2,500 ರೂಪಾಯಿ ಹೆಚ್ಚು ತೆತ್ತರೆ 1,500 ರೂಪಾಯಿ ನಷ್ಟ. ಆದರೆ ಆ ಎರಡು ಗಂಟೆಯಿಂದಾಗಿ ಒಂದು ರಾತ್ರಿಯ ಹೋಟೆಲ್ ಬಾಡಿಗೆ ತಪ್ಪಿ, ಮರುದಿನ ಬೆಳಿಗ್ಗೆ ಗಿರಣಿಯ ಬಾಗಿಲು ಮಾಲೀಕರ ಸಮಕ್ಷಮದಲ್ಲಿ ತೆರೆದರೆ ಅದೇ 2,500 ರೂಪಾಯಿ ಲಾಭದ ಬಾಬ್ತು. ಗಂಟೆಗಳ ಲೆಕ್ಕಕ್ಕಿಂತ ರಾತ್ರಿಗಳ ಲೆಕ್ಕ ಮುಖ್ಯವೆಂಬುದನ್ನು ಹಳೆಯ ಮಂಡಿ ವರ್ತಕರು ಚೆನ್ನಾಗಿ ಬಲ್ಲರು.

ತೆರಿಗೆಯ ವಿಷಯದಲ್ಲಿ ಎರಡು ಮಾತು. ಸಾಮಾನ್ಯ ದರ್ಜೆಯ ವಿಮಾನ ಟಿಕೆಟ್ಟಿನ ಮೇಲೆ ಶೇ. 5, ಉಳಿದ ದರ್ಜೆಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇ. 18 ಜಿ.ಎಸ್.ಟಿ. ಇದೆ. ವ್ಯವಹಾರದ ಪ್ರಯಾಣವಾಗಿದ್ದರೆ ಇದರ ಹೂಡುವಳಿ ತೆರಿಗೆ ಜಮೆಯನ್ನು ಪಡೆಯಬಹುದು. ಆದರೆ ಟಿಕೆಟ್ ಕಾಯ್ದಿರಿಸುವಾಗಲೇ ಸಂಸ್ಥೆಯ ಹೆಸರು ಮತ್ತು ಜಿ.ಎಸ್.ಟಿ. ನೋಂದಣಿ ಸಂಖ್ಯೆ ನಮೂದಾಗಿರಬೇಕು. ಮಗನ ಮೊಬೈಲಿನಿಂದ, ಮಗನ ಹೆಸರಿನ ಖಾತೆಯಿಂದ ಟಿಕೆಟ್ ತೆಗೆದು, ವರ್ಷಾಂತ್ಯದಲ್ಲಿ ಲೆಕ್ಕಪರಿಶೋಧಕರ ಮುಂದೆ ಮೊಬೈಲನ್ನೇ ಹಿಡಿದರೆ ಜಮೆ ದೊರೆಯದು. ಸೋಗಾನೆಯಿಂದ ಬೆಂಗಳೂರಿಗೆ ಒಂದು, ಅಲ್ಲಿಂದ ಮುಂದಕ್ಕೆ ಬೇರೊಂದು ಎಂದು ಪ್ರತ್ಯೇಕ ಟಿಕೆಟ್ ಕೊಳ್ಳುವವರು ಮತ್ತೊಂದು ಅಪಾಯವನ್ನು ಮನಗಾಣಬೇಕು. ಮಂಜು, ಮೋಡಗಳಿಂದ ದೃಶ್ಯತೆ ಕುಗ್ಗಿ ಸೋಗಾನೆಯ ವಿಮಾನಗಳು ಬೇರೆಡೆಗೆ ತಿರುಗಿದ ಪ್ರಸಂಗಗಳು ನಡೆದಿವೆ. ಎರಡೂ ಹಾರಾಟ ಒಂದೇ ಪಿ.ಎನ್.ಆರ್. ಸಂಖ್ಯೆಯಲ್ಲಿದ್ದರೆ ಮುಂದಿನ ವಿಮಾನದ ಹೊಣೆ ಸಂಸ್ಥೆಯದು. ಬೇರೆ ಬೇರೆಯಾಗಿದ್ದರೆ ತಪ್ಪಿಹೋದ ದೆಹಲಿ ಟಿಕೆಟ್ಟಿನ ಹಣ ಪ್ರಯಾಣಿಕರದೇ ನಷ್ಟ. ನಾಲ್ಕುನೂರು ರೂಪಾಯಿ ಅಗ್ಗವೆಂದು ಕೊಂಡ ಬಿಡಿ ಟಿಕೆಟ್ಟು ಹೀಗೆ ಹತ್ತು ಪಟ್ಟು ದುಬಾರಿಯಾಗುವುದುಂಟು.

ಸರಕಿನ ಸಾಗಣೆಯಲ್ಲಿ ಈ ಭ್ರಮೆ ಇನ್ನೂ ದೊಡ್ಡದು. ಮೂಟೆಗಳಲ್ಲಿ ಹೋಗುವ ಅಡಿಕೆ, ಮೆಕ್ಕೆಜೋಳ, ಅಕ್ಕಿಗಳಿಗೆ ಲಾರಿ ಮತ್ತು ರೈಲುಗಳೇ ಗತಿ, ಅವು ವಿಮಾನದ ಸರಕುಗಳಲ್ಲ. ಆದರೆ ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಸಣ್ಣ ಘಟಕಗಳವರು ವಿದೇಶೀ ಖರೀದಿದಾರರಿಗೆ ಮಾದರಿ ಪೆಟ್ಟಿಗೆಗಳನ್ನು ವಿಮಾನದಲ್ಲಿ ಕಳುಹಿಸುವುದುಂಟು. ವಿಮಾನ ಸರಕಿನಲ್ಲಿ ತಕ್ಕಡಿಯ ತೂಕವೊಂದೇ ಗಣನೆಗೆ ಬರುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸಿದಾಗ ಬರುವ ಗಾತ್ರದ ತೂಕ, ನಿಜವಾದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 60, 40, 40 ಸೆಂಟಿಮೀಟರ್ ಅಳತೆಯ ಪೆಟ್ಟಿಗೆಯ ಗಾತ್ರ 96,000 ಘನ ಸೆಂಟಿಮೀಟರ್. ಅಂದರೆ 16 ಕೆ.ಜಿ. ಒಳಗಿನ ತಟ್ಟೆಗಳು 9 ಕೆ.ಜಿ. ತೂಗಿದರೂ 16 ಕೆ.ಜಿ.ಗೆ ಹಣ ತೆರಬೇಕು. ಕೊರಿಯರ್ ಸಂಸ್ಥೆಗಳು ಸಾಮಾನ್ಯವಾಗಿ 5,000ದಿಂದ ಭಾಗಿಸುವುದರಿಂದ ಅದೇ ಪೆಟ್ಟಿಗೆ 19.2 ಕೆ.ಜಿ. ಆಗುತ್ತದೆ. ಪೆಟ್ಟಿಗೆಯ ಎತ್ತರವನ್ನು 10 ಸೆಂಟಿಮೀಟರ್ ತಗ್ಗಿಸಿ ತಟ್ಟೆಗಳನ್ನು ಒತ್ತಾಗಿ ಜೋಡಿಸಿದರೆ ಗಾತ್ರದ ತೂಕ 12 ಕೆ.ಜಿ.ಗೆ ಇಳಿಯುವುದು. ಹಾರಾಟದ ಅವಧಿ ಹದಿನಾರು ಗಂಟೆಯೆಂದು ಗ್ರಾಹಕರಿಗೆ ಎರಡು ದಿನದಲ್ಲಿ ತಲುಪಿಸುವ ಮಾತು ಕೊಡುವುದು ಇನ್ನೊಂದು ದುಡುಕು. ದೇವನಹಳ್ಳಿಯವರೆಗಿನ ಲಾರಿ, ಎರಡೂ ದೇಶಗಳ ಕಸ್ಟಮ್ಸ್ ತಪಾಸಣೆ, ವಾರಾಂತ್ಯದ ರಜೆ ಇವು ಹಾರಾಟಕ್ಕಿಂತ ಅನೇಕ ಪಟ್ಟು ಕಾಲ ನುಂಗುತ್ತವೆ. ಅಮೆರಿಕಕ್ಕೆ ಕಳುಹಿಸುವವರಂತೂ, ಅಲ್ಲಿಯ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ ಅಡಿಕೆ ಹಾಳೆಯ ತಟ್ಟೆಗಳ ಬಳಕೆಯ ವಿರುದ್ಧ ಎಚ್ಚರಿಕೆ ನೀಡಿರುವುದನ್ನು ಮೊದಲು ಗಮನಿಸಬೇಕು. ಎಷ್ಟು ವೇಗವಾಗಿ ಹಾರಿದರೂ ಬಾಗಿಲು ತೆರೆಯದ ಕಡೆ ಸರಕು ಇಳಿಯುವುದಿಲ್ಲ.

ಈ ಹಿನ್ನೆಲೆಯಲ್ಲಿ ದಾವಣಗೆರೆಗೇ ಒಂದು ವಿಮಾನ ನಿಲ್ದಾಣ ಬೇಕೆಂಬ ಹಳೆಯ ಬೇಡಿಕೆಯನ್ನು ವಾಣಿಜ್ಯ ಸಂಸ್ಥೆಗಳು ಭಾವನೆಯಿಂದಲ್ಲದೆ ಲೆಕ್ಕದಿಂದ ಪರಿಶೀಲಿಸುವುದು ಲೇಸು. ರನ್‌ವೇ ನಿರ್ಮಿಸುವುದು ಸರ್ಕಾರದ ಕೈಯಲ್ಲಿದೆ, ವಿಮಾನ ಬರುವುದು ಪ್ರಯಾಣಿಕರ ಸಂಖ್ಯೆಯ ಕೈಯಲ್ಲಿದೆ. 2010ರಲ್ಲಿ ನವೀಕೃತಗೊಂಡ ಮೈಸೂರು ವಿಮಾನ ನಿಲ್ದಾಣದಲ್ಲಿ ಸೇವೆ ಆರಂಭವಾಗಿ, ನಿಂತು, ಮತ್ತೆ ಆರಂಭವಾಯಿತು. 2020ರ ಫೆಬ್ರುವರಿಯಲ್ಲಿ ಆರಂಭವಾದ ಬೀದರ್ ಸೇವೆ ನಡುವೆ ನಿಂತು 2025ರಲ್ಲಿ ಪುನಃ ಶುರುವಾಗಬೇಕಾಯಿತು. ಉಡಾನ್ ಯೋಜನೆಯಲ್ಲಿ ಸಂಸ್ಥೆಗಳಿಗೆ ದೊರೆಯುವ ನಷ್ಟ ಭರ್ತಿಯ ನೆರವಿಗೆ ಮೂರು ವರ್ಷದ ಮಿತಿಯಿದೆ. ಆ ಅವಧಿ ಮುಗಿದೊಡನೆ ಪ್ರಯಾಣಿಕರಿಲ್ಲದ ಮಾರ್ಗಗಳು ವೇಳಾಪಟ್ಟಿಯಿಂದ ಮರೆಯಾಗುವುದು ದೇಶದ ಅನೇಕ ಕಡೆ ಕಂಡುಬಂದಿದೆ. ಸೋಗಾನೆಯ ಆಸನಗಳೇ ತುಂಬದಿದ್ದರೆ ನೂರು ಕಿಲೋಮೀಟರಿನೊಳಗೆ ಇನ್ನೊಂದು ನಿಲ್ದಾಣಕ್ಕೆ ಸಂಸ್ಥೆಗಳು ಬರುವ ಭರವಸೆ ಎಲ್ಲಿಯದು? ಜಗಳೂರಿನವರಿಗೆ ದಾವಣಗೆರೆಯ ನಿಲ್ದಾಣದಿಂದ ಅನುಕೂಲವಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ಅಲ್ಲಿಂದಲೂ ಬೆಂಗಳೂರಿಗೆ ಹಾರುವ ವಿಮಾನವಷ್ಟೇ ದೊರೆಯುವುದಾದರೆ ಮೇಲೆ ಹೇಳಿದ ಪೀಣ್ಯದ ಲೆಕ್ಕವೇ ಅಲ್ಲಿಗೂ ಅನ್ವಯಿಸುತ್ತದೆ.

ಇದಕ್ಕಿಂತ ಕಡಿಮೆ ವೆಚ್ಚದಲ್ಲಿ, ಕಡಿಮೆ ಕಾಲದಲ್ಲಿ ಈಡೇರಬಲ್ಲ ಬೇಡಿಕೆಗಳಿವೆ. ದೇವನಹಳ್ಳಿಯಿಂದ ಮೈಸೂರಿಗೆ ಫ್ಲೈಬಸ್ ಓಡಿಸಿದ ರಾಜ್ಯ ರಸ್ತೆ ಸಾರಿಗೆ ನಿಗಮವು ಹೊನ್ನಾಳಿಯಿಂದ ನ್ಯಾಮತಿ ಮೂಲಕ ಒಂದು, ಚನ್ನಗಿರಿಯಿಂದ ಭದ್ರಾವತಿ ಮೂಲಕ ಒಂದು ಬಸ್ಸನ್ನು ಸೋಗಾನೆಯ ವಿಮಾನದ ವೇಳೆಗೆ ಹೊಂದಿಸಿ ಓಡಿಸುವುದು ಅಸಾಧ್ಯವಲ್ಲ. ಒಂಟಿ ಪ್ರಯಾಣಿಕರು ಬಾಡಿಗೆ ಕಾರಿಗೆ ತೆರುವ ಹಣ ಕೆಲವೊಮ್ಮೆ ಬೆಂಗಳೂರಿನ ಟಿಕೆಟ್ಟಿನ ದರಕ್ಕೇ ಸಮೀಪಿಸುವಾಗ ಈ ಬಸ್ಸುಗಳ ಮಹತ್ವ ಸ್ವಯಂವೇದ್ಯ. ಜಗಳೂರಿನ ಪರವಾಗಿ ಕೇಳಬೇಕಾದದ್ದು ಚಿತ್ರದುರ್ಗದಿಂದ ನೇರವಾಗಿ ದೇವನಹಳ್ಳಿಗೆ ಮುಂಜಾನೆಯ ಬಸ್ಸು. ವಿಮಾನ ಸಂಸ್ಥೆಗಳ ಮುಂದಿಡಬೇಕಾದ ಬೇಡಿಕೆ ಹೆಚ್ಚು ವಿಮಾನಗಳದ್ದಲ್ಲ, ಸರಿಯಾದ ವೇಳೆಯದು. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರು ತಲುಪುವ ವಿಮಾನದಿಂದ ದೆಹಲಿ, ಮುಂಬಯಿ, ಅಹಮದಾಬಾದುಗಳಲ್ಲಿ ಅಂದಿನ ಕೆಲಸ ಆಗುವುದಿಲ್ಲ, ರಾತ್ರಿಯ ಹೋಟೆಲ್ ಖರ್ಚು ಅನಿವಾರ್ಯವಾಗುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ದೇವನಹಳ್ಳಿ ಮುಟ್ಟಿಸಿ, ರಾತ್ರಿ ಅಲ್ಲಿಂದ ಹಿಂದಿರುಗಿಸುವ ಒಂದೇ ಜೋಡಿ ಹಾರಾಟ ದೊರೆತರೂ ಮೂರು ತಾಲ್ಲೂಕುಗಳಿಗೆ ಸಾಕು. ಸಂಸ್ಥೆಗಳ ಬಳಿ ಇದನ್ನು ಕೇಳುವಾಗ ಬರಿಯ ಮನವಿ ಪತ್ರ ನಡೆಯದು. ಯಾವ ಊರಿನ ಎಷ್ಟು ಸದಸ್ಯರು ತಿಂಗಳಿಗೆ ಎಷ್ಟು ಬಾರಿ, ಎಲ್ಲಿಗೆ, ಯಾವ ವಾರದಂದು ಹೋಗುತ್ತಾರೆಂಬ ಪಟ್ಟಿ ಅದಕ್ಕೆ ಲಗತ್ತಾಗಿರಬೇಕು, ಮತ್ತು ಅಂತಹ ಪಟ್ಟಿಯನ್ನು ತಯಾರಿಸಲು ಸದಸ್ಯರು ತಮ್ಮ ಕಳೆದ ವರ್ಷದ ಪ್ರಯಾಣ ವೆಚ್ಚದ ಚೀಟಿಗಳನ್ನು ಒಮ್ಮೆ ತೆರೆದು ನೋಡಿದರೆ ಸಾಕು.